ಡೇವ್ ಹಾಲೆಂಡ್: ಯಾವ ಆಲ್ಬಮ್‌ನಿಂದ ಶುರು ಮಾಡಬೇಕು?

ಜಾಝ್ ಬೇಸ್ ವಾದಕ ಡೇವ್ ಹಾಲೆಂಡ್ ಅವರ ಬೇಸ್ ಕೇಳಬೇಕು ಅಂತ ಹುಡುಕಲು ಹೊರಟರೆ ಮೊದಲು ಸಿಗುವುದು ಗೊಂದಲ. ಒಂದು ಆಲ್ಬಮ್‌ನಲ್ಲಿ ತಬಲಾ ಇದೆ, ಇನ್ನೊಂದರಲ್ಲಿ ಸ್ಪೇನಿನ ಫ್ಲಮೆಂಕೊ ಗಿಟಾರ್, ಮತ್ತೊಂದರಲ್ಲಿ 13 ಜನರ ಬಿಗ್ ಬ್ಯಾಂಡ್, ಇನ್ನೂ ಒಂದರಲ್ಲಿ ಅವರು ಒಬ್ಬರೇ, ಪಕ್ಕದಲ್ಲಿ ಯಾರೂ ಇಲ್ಲ. ಎಲ್ಲವೂ ಒಳ್ಳೆಯ ಸಂಗೀತವೇ. ಆದರೆ ಎಲ್ಲವೂ ಎಲ್ಲರಿಗೂ ಮೊದಲ ಸಲವೇ ಹಿಡಿಸುವುದಿಲ್ಲ. ತಮಗೆ ಒಗ್ಗದ ಆಲ್ಬಮ್ ಮೊದಲು ಕೇಳಿ, ಇದು ನನಗಲ್ಲ ಅಂತ ಬಿಟ್ಟವರನ್ನು ನೋಡಿದ್ದೇನೆ. ಅಂಥವರು ಎಷ್ಟು ದೊಡ್ಡ ಸಂಗೀತವನ್ನು ಕಳೆದುಕೊಂಡರು ಅನ್ನುವುದು ನನಗೆ ನಿಜಕ್ಕೂ ಬೇಜಾರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜಾಝ್ ಸ್ವಲ್ಪ ಕೇಳಿದ್ದೀರಿ ಅಂದರೆ 'ಪ್ರೈಮ್ ಡೈರೆಕ್ಟಿವ್'. ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದಿದ್ದೀರಿ, ಜಾಝ್ ಹೊಸದು ಅಂದರೆ 'ಗುಡ್ ಹೋಪ್'. ಎಲ್ಲರೂ ಮೊದಲು ಕೈಗೆ ಕೊಡುವ 'ಕಾನ್ಫರೆನ್ಸ್ ಆಫ್ ದಿ ಬರ್ಡ್ಸ್' ನನ್ನ ಪ್ರಕಾರ ಎರಡನೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಹಾಲೆಂಡ್ ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ. ಚಿಕ್ಕಂದಿನಲ್ಲಿ ಯುಕುಲೆಲೆ, ಆಮೇಲೆ ಗಿಟಾರ್, ಆಮೇಲೆ ಬೇಸ್ ಗಿಟಾರ್. 15ನೇ ವಯಸ್ಸಿಗೆ ಶಾಲೆ ಬಿಟ್ಟು ಬ್ಯಾಂಡುಗಳಲ್ಲಿ ನುಡಿಸಲು ಹೋದರು. ಜಾಝ್ ಬೇಸ್ ವಾದಕ ರೇ ಬ್ರೌನ್ ಅವರ ರೆಕಾರ್ಡುಗಳು ಕಿವಿಗೆ ಬಿದ್ದ ಮೇಲೆ ಡಬಲ್ ಬೇಸ್, ಅಂದರೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ, ಹಿಡಿದರು, ಲಂಡನ್‌ಗೆ ಬಂದು ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಜೇಮ್ಸ್ ಮೆರೆಟ್ ಬಳಿ ಕ್ರಮವಾಗಿ ಕಲಿತರು. 1968ರಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್‌ನಲ್ಲಿ ಅವರು ನುಡಿಸುತ್ತಿದ್ದಾಗ ಜಾಝ್‌ನ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅಲ್ಲಿದ್ದರು. ನನ್ನ ಬ್ಯಾಂಡಿಗೆ ಬಾ ಅಂತ ಡ್ರಮ್ಮರ್ ಫಿಲ್ಲಿ ಜೋ ಜೋನ್ಸ್ ಮೂಲಕ ಹೇಳಿ ಕಳಿಸಿದರು. ಹಾಲೆಂಡ್‌ಗೆ ಆಗ 21 ವರ್ಷ, ಸಿಕ್ಕಿದ್ದು ರಾನ್ ಕಾರ್ಟರ್ ಬಿಟ್ಟುಹೋದ ಜಾಗ. ಅದಕ್ಕಿಂತ ದೊಡ್ಡ ಜಾಗ ಆ ಕಾಲದ ಬೇಸ್ ವಾದಕನಿಗೆ ಇರಲಿಲ್ಲ. 2017ರಲ್ಲಿ ಅಮೆರಿಕ ಅವರಿಗೆ 'ಜಾಝ್ ಮಾಸ್ಟರ್' ಗೌರವ ಕೊಟ್ಟಿತು.

ಆಯ್ಕೆ ಮಾಡುವಾಗ ನಾನು ನೋಡುವುದು ಮೂರು ವಿಷಯ. ಬೇಸ್ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ? ಹಿಡಿದುಕೊಳ್ಳಲು ಒಂದು ಧಾಟಿ ಇದೆಯಾ, ಇಲ್ಲ ಪೂರ್ತಿ ಬಿಡುಬೀಸಾಗಿ ಹರಿಯುತ್ತದಾ? ಜೊತೆಗೆ ಯಾರಿದ್ದಾರೆ? ಮೂರನೆಯದೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಹಾಲೆಂಡ್ ಜೊತೆಗಾರರನ್ನು ನೋಡಿಕೊಂಡೇ ಸಂಗೀತ ಕಟ್ಟುವವರು.

ಇನ್ನೊಂದು ಮಾತು, ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಡಬಲ್ ಬೇಸಿನ ಅತಿ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ಕೆಳಗಿನ ಸ್ವರವನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸುವುದೇ ಇಲ್ಲ. ನಿಮಗೆ ಕೇಳಿಸುವುದು ಬೆರಳು ತಂತಿಗೆ ತಾಗುವ ಟಕಟಕ ಮತ್ತು ಮೇಲಿನ ಸ್ವಲ್ಪ ನಾದ, ಅಷ್ಟೇ. ಸಾಧಾರಣ ಇಯರ್‌ಫೋನ್ ಆದರೂ ಸಾಕು, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಮೈಲ್ಸ್ ಜೊತೆಗಿನ ರೆಕಾರ್ಡುಗಳಿಂದ ಶುರು ಮಾಡಬಹುದಾ?

ಮಾಡಬಹುದು, ಆದರೆ ಹಾಲೆಂಡ್‌ಗೋಸ್ಕರ ಅಲ್ಲ. 1969ರ 'ಇನ್ ಎ ಸೈಲೆಂಟ್ ವೇ' ನನಗೆ ತುಂಬಾ ಇಷ್ಟದ ಆಲ್ಬಮ್. ಅದರಲ್ಲಿ ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ, ಜೋ ಝಾವಿನುಲ್ ಅಂತ ಕೀಬೋರ್ಡಿಗೇ ಮೂವರು. ಜೊತೆಗೆ ಜಾನ್ ಮ್ಯಾಕ್‌ಲಾಫ್ಲಿನ್ ಗಿಟಾರ್, ವೇಯ್ನ್ ಶಾರ್ಟರ್ ಸ್ಯಾಕ್ಸೋಫೋನ್. ಇವರೆಲ್ಲರ ಕೆಳಗೆ ಹಾಲೆಂಡ್ ಒಂದೇ ಸಣ್ಣ ಸ್ವರಗುಚ್ಛವನ್ನು ಹಿಡಿದು ಬಿಡದೆ ನುಡಿಸುತ್ತಾರೆ. ಆ ತಾಳ್ಮೆ ದೊಡ್ಡ ವಿದ್ಯೆ, ಒಪ್ಪುತ್ತೇನೆ. ಆದರೆ ಅವರ ಬೇಸ್ ಏನೇನು ಮಾತಾಡಬಲ್ಲದು ಅನ್ನುವುದು ಅಲ್ಲಿ ಗೊತ್ತಾಗುವುದಿಲ್ಲ. 'ಬಿಚಸ್ ಬ್ರೂ' ಇನ್ನೂ ಕಷ್ಟ, ಅಲ್ಲಿ ಹಾರ್ವೆ ಬ್ರೂಕ್ಸ್ ಎಲೆಕ್ಟ್ರಿಕ್ ಬೇಸ್ ಕೂಡ ಇದೆ, ಯಾರು ಯಾವುದು ಅಂತ ಬಿಡಿಸಿಕೊಳ್ಳುವುದರಲ್ಲೇ ಹೊಸ ಕೇಳುಗರ ಗಮನ ಕಳೆದುಹೋಗುತ್ತದೆ. ಇವೆರಡನ್ನೂ ಮೈಲ್ಸ್ ಆಲ್ಬಮ್‌ಗಳಾಗಿ ಕೇಳಿ. 1970ರಲ್ಲಿ ಹಾಲೆಂಡ್ ಆ ಬ್ಯಾಂಡ್ ಬಿಟ್ಟರು, ಚಿಕ್ ಕೊರಿಯಾ ಜೊತೆ 'ಸರ್ಕಲ್' ಅನ್ನುವ ತಂಡ ಕಟ್ಟಿದರು. ಲಕ್ಷಗಟ್ಟಲೆ ಜನ ಸೇರುವ ವೇದಿಕೆಯನ್ನು ಬಿಟ್ಟು ಸಣ್ಣ ಕೋಣೆಯ ಮುಕ್ತ ಸಂಗೀತಕ್ಕೆ ಹೋಗುವುದು ಸುಮ್ನೆ ಆಗುವ ಕೆಲಸ ಅಲ್ಲ.

'ಕಾನ್ಫರೆನ್ಸ್ ಆಫ್ ದಿ ಬರ್ಡ್ಸ್' ಮತ್ತು 'ಪ್ರೈಮ್ ಡೈರೆಕ್ಟಿವ್'

ನಿಜವಾದ ಆಯ್ಕೆ ಇರುವುದು ಈ ಎರಡರ ನಡುವೆ. ಎರಡೂ ಇಸಿಎಂ ಅನ್ನುವ ರೆಕಾರ್ಡ್ ಕಂಪನಿಯವು, ಎರಡರಲ್ಲೂ ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಆದ್ದರಿಂದ ಕೆಳಗಿನ ಜಾಗವೆಲ್ಲ ಬೇಸಿನದು. ಇಷ್ಟು ಬಿಟ್ಟರೆ ಇವೆರಡು ಬೇರೆ ಬೇರೆ ಲೋಕ.

'ಕಾನ್ಫರೆನ್ಸ್' ರೆಕಾರ್ಡ್ ಆದದ್ದು 1972ರ ನವೆಂಬರ್ 30ರಂದು. ಹಾಲೆಂಡ್ ನಾಯಕರಾಗಿ ಮಾಡಿದ ಮೊದಲ ತಂಡದ ಆಲ್ಬಮ್ ಅದು. ಸ್ಯಾಮ್ ರಿವರ್ಸ್, ಆಂಥನಿ ಬ್ರ್ಯಾಕ್ಸ್‌ಟನ್ ಇಬ್ಬರೂ ಸ್ಯಾಕ್ಸೋಫೋನ್ ಮತ್ತು ಕೊಳಲು, ಬ್ಯಾರಿ ಆಲ್ಟ್‌ಶುಲ್ ಡ್ರಮ್ಸ್. ಆರೇ ರಚನೆಗಳು, ಆರೂ ಹಾಲೆಂಡ್ ಅವರವು. ಲಂಡನ್ನಿನಲ್ಲಿ ಅವರ ಮನೆಗೆ ಒಂದು ಸಣ್ಣ ಕೈತೋಟ ಇತ್ತಂತೆ. ಬೇಸಿಗೆಯಲ್ಲಿ ಬೆಳಗಿನ ಜಾವ ಹಕ್ಕಿಗಳು ಒಂದೊಂದಾಗಿ ಬಂದು ಸೇರಿ, ತಮ್ಮ ತಮ್ಮ ಹಾಡನ್ನು ಒಟ್ಟಿಗೆ ಹಾಡುತ್ತಿದ್ದವಂತೆ. ಆಲ್ಬಮ್ ಹಾಳೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಇಡೀ ಆಲ್ಬಮ್ ಹಾಗೇ ಇದೆ, ನಾಲ್ವರಲ್ಲಿ ಯಾರೂ ಯಾರಿಗೂ ಪಕ್ಕವಾದ್ಯ ಅಲ್ಲ.

ಕಷ್ಟ ಎಲ್ಲಿ ಅಂದರೆ, ಮೊದಲ ರಚನೆ 'ಫೋರ್ ವಿಂಡ್ಸ್' ಒಂದು ಚುರುಕಾದ ಧಾಟಿಯಿಂದ ಶುರುವಾಗಿ ಸ್ವಲ್ಪ ಹೊತ್ತಿಗೇ ಕಟ್ಟು ಬಿಚ್ಚಿಕೊಂಡು ಹಾರುತ್ತದೆ. ಬೇಸ್ ಓಡುತ್ತಲೇ ಇರುತ್ತದೆ, ಮೇಲೆ ಸ್ಯಾಕ್ಸೋಫೋನ್‌ಗಳು ಕೂಗುತ್ತವೆ, ಚೀರುತ್ತವೆ, ನಗುತ್ತವೆ. ಅಭ್ಯಾಸ ಇರುವವರಿಗೆ ಅದು ಹಬ್ಬ. ಹೊಸಬರಿಗೆ ಇದೇನು ಗಲಾಟೆ ಅನ್ನಿಸಬಹುದು. ಎರಡನೆಯದಾದ 'ಕ್ಯೂ ಅಂಡ್ ಎ'ಯಲ್ಲಿ ಇನ್ನೂ ಕಡಿಮೆ ಹಿಡಿತ. ಅದಕ್ಕೇ ಹೇಳುವುದು, ಈ ಆಲ್ಬಮ್ ಕೇಳುವಾಗ ಅನುಕ್ರಮ ಬಿಡಿ. ಮೂರನೆಯದನ್ನು, ಅಂದರೆ ಆಲ್ಬಮ್ ಹೆಸರೇ ಇರುವ ರಚನೆಯನ್ನು ಮೊದಲು ಹಾಕಿ. ಬೇಸ್ ಒಂಟಿಯಾಗಿ ಬರುತ್ತದೆ, 5ರ ಎಣಿಕೆಯಲ್ಲಿ ಮೆಲ್ಲಗೆ ಸಾಗುತ್ತದೆ, ಕೊಳಲು ಮತ್ತು ಮರಿಂಬಾ (ಮರದ ಪಟ್ಟಿಗಳ ಮೇಲೆ ಬಡಿದು ನುಡಿಸುವ ವಾದ್ಯ) ಸೇರುತ್ತವೆ. ಇಷ್ಟು ಮೃದುವಾದ ಸಂಗೀತ ಮಾಡಿದವರೇ 'ಫೋರ್ ವಿಂಡ್ಸ್' ಕೂಡ ಮಾಡಿದ್ದು ಅನ್ನುವುದು ಮನಸ್ಸಿನಲ್ಲಿ ಕೂತ ಮೇಲೆ ಅದರ ಗಲಾಟೆಯೊಳಗಿನ ಕ್ರಮ ತಾನಾಗಿ ಕಾಣುತ್ತದೆ.

ಈಗ 'ಪ್ರೈಮ್ ಡೈರೆಕ್ಟಿವ್', 1999ರದು. ಐದು ಜನ: ಕ್ರಿಸ್ ಪಾಟರ್ ಸ್ಯಾಕ್ಸೋಫೋನ್, ರಾಬಿನ್ ಯೂಬ್ಯಾಂಕ್ಸ್ ಟ್ರಾಂಬೋನ್, ಸ್ಟೀವ್ ನೆಲ್ಸನ್ ವೈಬ್ರಫೋನ್ (ಲೋಹದ ಪಟ್ಟಿಗಳ ಮೇಲೆ ಬಡಿದು ನುಡಿಸುವ ವಾದ್ಯ) ಮತ್ತು ಮರಿಂಬಾ, ಬಿಲ್ಲಿ ಕಿಲ್ಸನ್ ಡ್ರಮ್ಸ್, ಮತ್ತು ಹಾಲೆಂಡ್. ನನ್ನ ಮಟ್ಟಿಗೆ ಹಾಲೆಂಡ್ ಕಟ್ಟಿದ ತಂಡಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ. ಇಲ್ಲಿ ಪಿಯಾನೊ ಜಾಗದಲ್ಲಿ ವೈಬ್ರಫೋನ್ ಇರುವುದು ಬಹಳ ಮುಖ್ಯ. ಪಿಯಾನೊದ ಎಡಗೈ ಬೇಸಿನ ಜಾಗಕ್ಕೆ ಇಳಿಯುತ್ತದೆ. ವೈಬ್ರಫೋನ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಮೇಲೆ ತಿಳಿಯಾಗಿ ತೇಲುತ್ತದೆ. ಹಾಗಾಗಿ ಹಾಲೆಂಡ್ ಒತ್ತುವ ಒಂದೊಂದು ಸ್ವರವೂ ದುಂಡಗೆ, ಬಿಡಿಬಿಡಿಯಾಗಿ ಕೇಳುತ್ತದೆ.

ನಮ್ಮ ಕಡೆಯ ಕೇಳುಗರಿಗೆ ಈ ತಂಡದಲ್ಲಿ ಇನ್ನೊಂದು ಸುಖ ಇದೆ. ಸಾಮಾನ್ಯ ಜಾಝ್‌ನ 4ರ ಎಣಿಕೆ ಬಿಟ್ಟು 5, 7 ಇಂಥ ಎಣಿಕೆಗಳು ಇವರಿಗೆ ಮಾಮೂಲು. ಪಶ್ಚಿಮದ ವಿಮರ್ಶಕರು ಇದನ್ನು ಕ್ಲಿಷ್ಟ ಅಂತ ಬರೆಯುತ್ತಾರೆ. ತಕಿಟ ತಕದಿಮಿ ಅಂತ ಮಿಶ್ರಛಾಪು ಹಾಕಿ ಬೆಳೆದವರಿಗೆ, ಖಂಡಛಾಪಿನ ಕೃತಿ ಕೇಳುತ್ತಾ ತೊಡೆ ತಟ್ಟಿದವರಿಗೆ ಅದು ಅಷ್ಟೇನೂ ಕಷ್ಟ ಅಲ್ಲ. ಹಾಲೆಂಡ್ ಕೆಳಗೆ ಒಂದು ಆವರ್ತ ಇಡುತ್ತಾರೆ, ಅದು ಪದೇ ಪದೇ ತಿರುಗುತ್ತದೆ. ಮೇಲೆ ಸ್ಯಾಕ್ಸೋಫೋನ್ ಒಂದು ಧಾಟಿ, ಟ್ರಾಂಬೋನ್ ಅದನ್ನು ಅಡ್ಡ ಹಾಯುವ ಇನ್ನೊಂದು ಧಾಟಿ. ಕಿವಿಯನ್ನು ಬೇಸಿನ ಆವರ್ತದ ಮೇಲೆ ಇಟ್ಟು ಕೈಯಲ್ಲಿ ತಾಳ ಹಾಕುತ್ತಾ ಹೋಗಿ. ಸಮ ಎಲ್ಲಿ ಬೀಳುತ್ತದೆ ಅಂತ ಒಮ್ಮೆ ಸಿಕ್ಕಿಬಿಟ್ಟರೆ ಮಿಕ್ಕವರು ಏನೇ ಮಾಡಲಿ, ದಾರಿ ತಪ್ಪುವುದಿಲ್ಲ. 1980ರ ದಶಕದ ಅವರ ಹಳೆಯ ಐವರ ತಂಡದಲ್ಲಿ ಸ್ಟೀವ್ ಕೋಲ್ಮನ್ ಅನ್ನುವ ಸ್ಯಾಕ್ಸೋಫೋನ್ ವಾದಕ ಇದ್ದರು. ಇಂಥ ಲಯದ ಹುಡುಕಾಟ ಆಗಲೇ ಶುರುವಾಗಿತ್ತು, 'ಜಂಪಿನ್ ಇನ್' ಆಲ್ಬಮ್ ಆ ಕಾಲದ್ದು.

ಒಂದು ಕೊರತೆ ಹೇಳಬೇಕು. 'ಪ್ರೈಮ್ ಡೈರೆಕ್ಟಿವ್' ಉದ್ದ ಜಾಸ್ತಿ, ಒಂದೂಕಾಲು ಗಂಟೆಯ ಆಸುಪಾಸು. ಒಂದೇ ಸಲ ಪೂರ್ತಿ ಕೇಳಲು ಹೋದರೆ ಕೊನೆಯ ಹೊತ್ತಿಗೆ ಕಿವಿ ದಣಿಯುತ್ತದೆ. ಮೊದಲು 'ಪ್ರೈಮ್ ಡೈರೆಕ್ಟಿವ್', 'ಜಗ್ಲರ್ಸ್ ಪೆರೇಡ್', 'ಮೇಕ್ ಬಿಲೀವ್' ಈ ಮೂರು ಸಾಕು.

ಆಮೇಲೆ ಇದೇ ತಂಡದ 'ಎಕ್ಸ್‌ಟೆಂಡೆಡ್ ಪ್ಲೇ' ಹಾಕಿ. 2001ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್‌ನಲ್ಲಿ ಜನರ ಮುಂದೆ ನುಡಿಸಿದ್ದು, ಎರಡು ಸಿಡಿ. ಮೇಲೆ ಹೇಳಿದ ಮೂರೂ ಅಲ್ಲಿ ಮತ್ತೆ ಬರುತ್ತವೆ, ಆದರೆ ಉದ್ದವಾಗಿ, ಬಿಸಿಯಾಗಿ. ಸ್ಟುಡಿಯೊದಲ್ಲಿ ಕೇಳಿದ ಕೃತಿಯನ್ನೇ ಒಳ್ಳೆಯ ಕಛೇರಿಯಲ್ಲಿ ಮತ್ತೆ ಕೇಳಿದ ಹಾಗೆ. ಸ್ಟುಡಿಯೊದ್ದು ಒಳ್ಳೆಯದಾ, ಇದು ಒಳ್ಳೆಯದಾ ಅಂದರೆ ನನಗೆ ಇದೇ. ಆದರೂ ಇದರಿಂದ ಶುರು ಮಾಡಿ ಅನ್ನುವುದಿಲ್ಲ, ಯಾಕೆಂದರೆ ರಚನೆಯ ಮೂಲ ರೂಪ ಗೊತ್ತಿದ್ದರೆ ಮಾತ್ರ ಅವರು ಅದನ್ನು ಎಷ್ಟು ಎಳೆದಾಡಿದ್ದಾರೆ ಅನ್ನುವುದು ತಿಳಿಯುವುದು.

ತಬಲಾ ಜೊತೆ: 'ಗುಡ್ ಹೋಪ್'

2019ರ ಆಲ್ಬಮ್. ಹಾಲೆಂಡ್, ಕ್ರಿಸ್ ಪಾಟರ್ ಮತ್ತು ಉಸ್ತಾದ್ ಝಾಕಿರ್ ಹುಸೇನ್, ಮೂವರೇ. ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್ ನೆನಪಾಗುವವರು, ತಬಲಾ ಅಂದರೆ ಝಾಕಿರ್ ಅನ್ನುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಲ್ವಾ? ಅವರಿಗೆಲ್ಲ ಇದೇ ಬಾಗಿಲು. ಇಲ್ಲಿ ಮೂರು ವಾದ್ಯದಲ್ಲಿ ಎರಡರ ನಾದ ಈಗಾಗಲೇ ಕಿವಿಗೆ ಪರಿಚಯ. ಹೊಸದು ಬೇಸ್ ಒಂದೇ, ಹಾಗಾಗಿ ಗಮನ ತಾನಾಗಿ ಅದರ ಮೇಲೆ ಹೋಗುತ್ತದೆ.

ಕೇಳುವಾಗ ಗಮನಿಸಬೇಕಾದ್ದು ಡಗ್ಗ ಮತ್ತು ಬೇಸಿನ ಸಂಬಂಧ. ಎರಡೂ ಕೆಳಸ್ತರದ ನಾದ. ಒಂದರ ಮೇಲೊಂದು ಬಿದ್ದರೆ ಎರಡೂ ಮಸುಕಾಗುತ್ತವೆ. ಡಗ್ಗ ಮೀಂಡ್ ಎಳೆಯುವ ಕಡೆ ಹಾಲೆಂಡ್ ಸುಮ್ಮನಾಗುತ್ತಾರೆ ಅಥವಾ ಮೇಲಿನ ಸ್ವರಗಳಿಗೆ ಹತ್ತುತ್ತಾರೆ, ಬೇಸ್ ಮಾತಾಡುವ ಕಡೆ ಝಾಕಿರ್ ದಾಯಾಂ, ಅಂದರೆ ಬಲಗೈಯ ತಬಲಾ, ಮೇಲೆ ಹೋಗುತ್ತಾರೆ. ಇಬ್ಬರು ದೊಡ್ಡವರು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವುದನ್ನು ಇಷ್ಟು ಹತ್ತಿರದಿಂದ ಕೇಳುವ ಅವಕಾಶ ಅಪರೂಪ. 'ಲಕ್ಕಿ ಸೆವೆನ್', 'ಸುವರ್ಣ', 'ಬೆಡೂಯಿನ್ ಟ್ರೇಲ್' ಈ ಮೂರು ಕೇಳಿ. ಕೊನೆಯದು ಹಾಲೆಂಡ್ ಅವರ ಹಳೆಯ ರಚನೆ, 1998ರ 'ಪಾಯಿಂಟ್ಸ್ ಆಫ್ ವ್ಯೂ'ನಲ್ಲಿ ಐವರ ತಂಡದ ಜೊತೆ ಇದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ, ಜೊತೆಗಾರರು ಬದಲಾದಾಗ ಹಾಲೆಂಡ್ ಏನು ಬದಲಾಯಿಸುತ್ತಾರೆ, ಏನನ್ನು ಬಿಡುವುದೇ ಇಲ್ಲ ಅನ್ನುವುದು ಕೈಗೆ ಸಿಗುತ್ತದೆ.

ರಾಗವಿಸ್ತಾರ ನಿರೀಕ್ಷಿಸಬೇಡಿ. ಇದು ಜಾಝ್ ರಚನೆಗಳ ಸುತ್ತ ಬೆಳೆದ ಸಂಗೀತ. ಝಾಕಿರ್ 2024ರ ಡಿಸೆಂಬರ್ 15ರಂದು ತೀರಿಕೊಂಡರು. ಈ ಮೂವರನ್ನು ಇನ್ನು ವೇದಿಕೆಯಲ್ಲಿ ನೋಡುವುದಿಲ್ಲ, ಈ ಆಲ್ಬಮ್ ಒಂದು ಉಳಿದಿದೆ.

'ಗುಡ್ ಹೋಪ್' ಇಷ್ಟವಾಗಿ 'ಇಂಥದ್ದೇ ಇನ್ನೊಂದು' ಬೇಕು ಅನ್ನುವವರಿಗೆ ಎರಡು ಇವೆ. 1998ರ 'ತಿಮಾರ್'ನಲ್ಲಿ ಟ್ಯುನೀಷಿಯಾದ ಊದ್ (ಅರಬ್ಬರ ತಂತಿವಾದ್ಯ) ವಾದಕ ಅನುವರ್ ಬ್ರಾಹಿಂ, ಸ್ಯಾಕ್ಸೋಫೋನ್‌ಗೆ ಜಾನ್ ಸರ್ಮನ್. ತಾಳವಾದ್ಯ ಇಲ್ಲವೇ ಇಲ್ಲ, ಲಯದ ಭಾರ ಪೂರ್ತಿ ಬೇಸಿನದು. 2010ರ 'ಹ್ಯಾಂಡ್ಸ್' ಫ್ಲಮೆಂಕೊ ಗಿಟಾರ್ ವಾದಕ ಪೆಪೆ ಹಬಿಚುಯೆಲಾ ಜೊತೆ. ನಾನು 'ತಿಮಾರ್' ಕಡೆ. 'ಹ್ಯಾಂಡ್ಸ್'ನಲ್ಲಿ ಹಾಲೆಂಡ್ ಫ್ಲಮೆಂಕೊ ಮನೆಗೆ ಗೌರವದಿಂದ ಬಂದ ಅತಿಥಿ, ಅದು ಚೆನ್ನಾಗಿದೆ. 'ತಿಮಾರ್'ನಲ್ಲಿ ಮೂವರಿಗೂ ಸಮಪಾಲು.

ಗಿಟಾರ್ ಬೇಕು, ಬಿಗ್ ಬ್ಯಾಂಡ್ ಬೇಕು, ಶಾಂತ ಬೇಕು

ರಾಕ್ ಕೇಳಿ ಬಂದವರು 'ಗೇಟ್‌ವೇ' (1975) ಅಥವಾ 'ಪ್ರಿಸಂ' (2013) ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಜಾನ್ ಅಬರ್‌ಕ್ರೋಂಬಿ ಗಿಟಾರ್, ಜ್ಯಾಕ್ ಡಿಜಾನೆಟ್ ಡ್ರಮ್ಸ್. ಎರಡನೆಯದರಲ್ಲಿ ಕೆವಿನ್ ಯೂಬ್ಯಾಂಕ್ಸ್ ಗಿಟಾರ್, ಕ್ರೇಗ್ ಟೇಬೋರ್ನ್ ಕೀಬೋರ್ಡ್, ಎರಿಕ್ ಹಾರ್ಲಂಡ್ ಡ್ರಮ್ಸ್. 'ಪ್ರಿಸಂ' ಹೆಚ್ಚು ದಪ್ಪ, ಹೆಚ್ಚು ಜೋರು, ಕಾಲು ಕುಣಿಸುತ್ತದೆ. 'ಗೇಟ್‌ವೇ' ಸಡಿಲ, ಮೂವರೇ ಇರುವುದರಿಂದ ಬೇಸ್‌ಗೆ ಬಯಲು ದೊಡ್ಡದು. ಬೇಸ್ ಮುಖ್ಯ ಅನ್ನುವವರಿಗೆ 'ಗೇಟ್‌ವೇ'.

ಬಿಗ್ ಬ್ಯಾಂಡ್‌ನಲ್ಲಿ 'ವಾಟ್ ಗೋಸ್ ಅರೌಂಡ್' (2002) ಮತ್ತು 'ಓವರ್‌ಟೈಮ್' (2005), ಎರಡಕ್ಕೂ ಗ್ರ್ಯಾಮಿ ಬಂದಿದೆ. 'ಓವರ್‌ಟೈಮ್' ಅವರು ತಮ್ಮದೇ ಕಂಪನಿ ಡೇರ್ 2 ಶುರು ಮಾಡಿದಾಗ ಹೊರತಂದದ್ದು. ನನ್ನ ಆಯ್ಕೆ ಮೊದಲನೆಯದು, ಹಳೆಯ ರಚನೆಗಳು 13 ಜನರ ಕೈಯಲ್ಲಿ ಹೇಗೆ ಹಿಗ್ಗುತ್ತವೆ ಅಂತ ನೋಡಬಹುದು. ಆದರೆ ಐವರ ತಂಡದ ಆಲ್ಬಮ್‌ಗಳ ನಂತರ ಕೇಳಿ, ಅಷ್ಟು ಊದುವ ವಾದ್ಯಗಳ ಮಧ್ಯೆ ಬೇಸ್ ಸಹಜವಾಗಿಯೇ ಹಿಂದೆ ಸರಿಯುತ್ತದೆ.

ರಾತ್ರಿ ಕೆಲಸ ಎಲ್ಲ ಮುಗಿದ ಮೇಲೆ ಕೇಳಲು ಏನಾದರೂ ಬೇಕು ಅಂದರೆ ಯೋಚನೆಯೇ ಬೇಡ, 2014ರ 'ದಿ ಆರ್ಟ್ ಆಫ್ ಕಾನ್ವರ್ಸೇಷನ್'. ಪಿಯಾನೊ ವಾದಕ ಕೆನ್ನಿ ಬ್ಯಾರನ್ ಮತ್ತು ಹಾಲೆಂಡ್, ಇಬ್ಬರೇ. ಇದರಲ್ಲಿ ಪಿಯಾನೊ ಇದ್ದರೂ ಬೇಸ್ ಮುಚ್ಚಿಹೋಗುವುದಿಲ್ಲ, ಬ್ಯಾರನ್ ಅವರ ಎಡಗೈ ಅಷ್ಟು ವಿವೇಕದ್ದು. 'ವಾಲ್ಟ್ಸ್ ಫಾರ್ ಕೆ ಡಬ್ಲ್ಯು' ಹಾಲೆಂಡ್ ತಮ್ಮ ಹಳೆಯ ಗೆಳೆಯ, ಟ್ರಂಪೆಟ್ ವಾದಕ ಕೆನ್ನಿ ವೀಲರ್‌ಗೋಸ್ಕರ ಬರೆದದ್ದು, ಅದನ್ನು ಬಿಡಬೇಡಿ. ವೀಲರ್ ಜೊತೆ ಹಾಲೆಂಡ್ ನುಡಿಸಿದ 'ಏಂಜಲ್ ಸಾಂಗ್' (1997) ಕೂಡ ಇಷ್ಟೇ ಶಾಂತ, ಅದರಲ್ಲೂ ಡ್ರಮ್ಸ್ ಇಲ್ಲ. ಮನೆಯಲ್ಲಿ ಜಾಝ್ ಕೇಳದ ಅಪ್ಪ ಅಮ್ಮನ ಜೊತೆ ಕೂತು ಕೇಳುವುದಾದರೆ ಬ್ಯಾರನ್ ಜೊತೆಯದೇ ಸರಿ.

ಬೇಸ್ ಕಲಿಯುತ್ತಿರುವವರಿಗೆ

ನಿಮಗೆ ಒಂಟಿ ಬೇಸಿನ ಆಲ್ಬಮ್‌ಗಳು ಬೇಕು. 1977ರಲ್ಲಿ ರೆಕಾರ್ಡ್ ಆದ 'ಎಮರಲ್ಡ್ ಟಿಯರ್ಸ್' ಮತ್ತು 1993ರ 'ಒನ್ಸ್ ಆಲ್'. ಮೊದಲನೆಯದು ವಾದ್ಯದ ಮೂಲೆಮೂಲೆ ಹುಡುಕುವ ಸಂಗೀತ, ಬೆರಳು, ಬಿಲ್ಲು ಎರಡೂ ಇವೆ. ಎರಡನೆಯದು ಹಾಡಿನ ಹತ್ತಿರ ಇದೆ, ಹಾಗಾಗಿ ಅದನ್ನೇ ಮೊದಲು ತೆಗೆದುಕೊಳ್ಳಿ. ಅದರಲ್ಲಿ 'ಮಿಸ್ಟರ್ ಪಿ ಸಿ' ಇದೆ, ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ತಮ್ಮ ಬೇಸ್ ವಾದಕ ಪಾಲ್ ಚೇಂಬರ್ಸ್‌ಗೆ ಬರೆದ ರಚನೆ. ಡ್ರಮ್ಸ್ ಇಲ್ಲದೆ, ಪಿಯಾನೊ ಇಲ್ಲದೆ, ನಾಲ್ಕೇ ತಂತಿಯಲ್ಲಿ ಲಯ, ಧಾಟಿ, ಸ್ವರಮೇಳ ಮೂರನ್ನೂ ಹಾಲೆಂಡ್ ಹೇಗೆ ಹಿಡಿದಿಡುತ್ತಾರೆ ಅಂತ ನಿಧಾನವಾಗಿ ಕೇಳಿ. ವೇಗಕ್ಕಿಂತ ಮೊದಲು ಅವರ ಬಿಡುವುಗಳನ್ನು ಕಲಿಯಿರಿ.

ಕೊನೆಗೆ ಒಂದು, ಎಲ್ಲವನ್ನೂ ಕೇಳಿದವರಿಗೆ: 2018ರ 'ಅನ್‌ಚಾರ್ಟೆಡ್ ಟೆರಿಟರೀಸ್'. ಇವಾನ್ ಪಾರ್ಕರ್ ಸ್ಯಾಕ್ಸೋಫೋನ್, ಕ್ರೇಗ್ ಟೇಬೋರ್ನ್ ಕೀಬೋರ್ಡ್, ಚೆಸ್ ಸ್ಮಿತ್ ತಾಳವಾದ್ಯ. ಎರಡು ಗಂಟೆಗೂ ಜಾಸ್ತಿ, ಹೆಚ್ಚೂಕಮ್ಮಿ ಎಲ್ಲವೂ ಅಲ್ಲೇ ಹುಟ್ಟಿದ್ದು, ಬರೆದಿಟ್ಟದ್ದು ಅಲ್ಲ. ಪಾರ್ಕರ್ ಮತ್ತು ಹಾಲೆಂಡ್ 1968ರಲ್ಲಿ ಲಂಡನ್ನಿನಲ್ಲಿ 'ಕಾರ್ಯೋಬಿನ್' ಅನ್ನುವ ಆಲ್ಬಮ್‌ನಲ್ಲಿ ಜೊತೆಗಿದ್ದರು, ಹಾಲೆಂಡ್ ಮೈಲ್ಸ್ ಬ್ಯಾಂಡಿಗೆ ಹೋಗುವ ಮೊದಲು. ಇದನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ಹಠ ಬೇಡ. ನಾಲ್ವರೂ ಇರುವುದಕ್ಕಿಂತ ಇಬ್ಬರೇ ಇರುವ ತುಣುಕುಗಳು ಮೊದಲು ಹಿಡಿಸುತ್ತವೆ. ಪಾರ್ಕರ್ ಮತ್ತು ಹಾಲೆಂಡ್ ಇಬ್ಬರೇ ಇರುವ ಒಂದನ್ನು ಆರಿಸಿಕೊಂಡು, ಬೇಸನ್ನು ಮಾತ್ರ ಹಿಂಬಾಲಿಸಿ.